ಟೋಪಿ ಮೀನಿನ ಬಿಳಿ ಅಂಚು

ಜಯಪುರದಲ್ಲಿ ಹಲ್ಲುನೋವು ಬಂದವರು ಡಾಕ್ಟರ ಮುಖ ನೋಡುವ ಮುಂಚೆ ಧರ್ಮಪ್ಪನ ಮುಖ ನೋಡಬೇಕು. ಶಿಲ್ಪಶ್ರೀ ಡಾಕ್ಟರ ಹಲ್ಲಿನ ಕ್ಲಿನಿಕ್ಕಿನ ಬಾಗಿಲಲ್ಲಿ ಒಂದು ಮರದ ಕುರ್ಚಿ, ಅದರ ಮೇಲೆ ಧರ್ಮಪ್ಪ, ಕೈಯಲ್ಲಿ ಟೋಕನ್ ಚೀಟಿ. ಕೆನ್ನೆ ಊದಿಸಿಕೊಂಡು ಬಂದವರಿಗೆ ಮೊದಲ ಚಿಕಿತ್ಸೆ ಅವನದೇ. "ಎಂತ ಮಾರಾಯ, ಲವಂಗ ಇಟ್ಕೊಂಡ್ಯಾ ಇಲ್ವಾ? ನಿನ್ನೆಯೇ ಇಟ್ಟಿದ್ರೆ ಇಷ್ಟು ಆಗ್ತಿರ್ಲಿಲ್ಲ." ಕೇಳಿದರೂ ಹೇಳುವನು, ಕೇಳದಿದ್ದರೂ ಹೇಳುವನು. ಹೇಳಿದ್ದು ಸರಿಹೋಯಿತೋ, ಬಸ್‌ಸ್ಟ್ಯಾಂಡಿನ ತನಕ ಸುದ್ದಿ. ಔಷಧಿಯ ವಿಷಯದಲ್ಲಿ ಅವನ ಬಾಯಿ ಮುಚ್ಚಿಸಿದವರು ಕೊಪ್ಪ, ಶೃಂಗೇರಿ, ಎನ್.ಆರ್. ಪುರ, ಮೂರು ತಾಲೂಕಿನಲ್ಲೂ ಇರಲಿಲ್ಲ. ಕೊನೆಗೆ ಮುಚ್ಚಿಸಿದ್ದು ಗಾಜಿನ ತೊಟ್ಟಿಯೊಳಗಿನ ಒಂದು ಮೀನು.

ಅವನಿಗೆ ಆ ಜಂಬ ಸುಮ್ಮನೆ ಬಂದದ್ದಲ್ಲ, ಅದನ್ನೂ ಹೇಳಬೇಕು. ಹಿರೇಕೊಡಿಗೆಯ ಧರ್ಮಪ್ಪ ಎಂದರೆ ಇಪ್ಪತ್ತೆಂಟು ವರ್ಷ ಅಡಿಕೆ ಮರ ಹತ್ತಿ ಕೊಳೆರೋಗಕ್ಕೆ ಔಷಧಿ ಹೊಡೆದ ಆಳು. ನೂರು ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತದ ನೀಲಿ ಹರಳು, ಒಂದು ಕಿಲೋ ಸುಣ್ಣ. ಹದ ನೋಡಲು ಬೇರೆಯವರು ಅಂಗಡಿಯ ಲಿಟ್ಮಸ್ ಕಾಗದ ಅದ್ದಿದರೆ ಇವನು ಕತ್ತಿಯ ತುದಿ ಅದ್ದುತ್ತಿದ್ದ. ಕಬ್ಬಿಣದ ಮೇಲೆ ತಾಮ್ರದ ಕೆಂಪು ಕೂತರೆ ಸುಣ್ಣ ಸಾಲದು ಎಂದು ಅರ್ಥ. "ಸುಣ್ಣ ಬೀಳದ ತುತ್ತ ಔಷಧಿ ಅಲ್ಲ, ವಿಷ" ಎಂದು ಹೊಸಬರಿಗೆ ಬೈದು ಬೈದು ಕಲಿಸಿದವನು ಅವನೇ. ಅವನು ಹೊಡೆದ ತೋಟದಲ್ಲಿ ಕೊಳೆ ಬಂತೆಂದು ಯಾರೂ ದೂರಿದ್ದಿಲ್ಲ. ಐವತ್ತೈದಕ್ಕೆ ಎಡಭುಜ ಕೈಕೊಟ್ಟಿತು, ಮರ ಹತ್ತುವುದು ನಿಂತಿತು. ಪ್ರತಿವರ್ಷ ಅವನಿಂದಲೇ ಔಷಧಿ ಹೊಡೆಸುತ್ತಿದ್ದ ಸೀತೂರಿನ ವೃಷಭೇಂದ್ರಪ್ಪನವರು, "ನಮ್ಮ ಧರ್ಮ ಮನೇಲಿ ಕೂತು ಕೊಳೆಯೋದು ಬೇಡ" ಎಂದು ತಮ್ಮ ಮಗಳ ಕ್ಲಿನಿಕ್ಕಿನ ಬಾಗಿಲಲ್ಲಿ ಆ ಕುರ್ಚಿ ಹಾಕಿಸಿಕೊಟ್ಟರು. ಮಗಳೇ ಶಿಲ್ಪಶ್ರೀ ಡಾಕ್ಟರು.

ಒಳಗಿನ ಕೆಲಸ ಕುಸುಮಾಳದು. ಜಯಪುರದವಳೇ. ಅಪ್ಪ ಅಮ್ಮ ಕಾಫಿ ಎಸ್ಟೇಟಿನಲ್ಲಿ ಕೂಲಿಗೆ ಹೋಗಿ ಅವಳನ್ನು ಪಿಯುಸಿ ತನಕ ಓದಿಸಿದ್ದರು. ಈಗ ಮದುವೆಯಾಗಿ ಎರಡು ವರ್ಷದ ಮಗಳಿದ್ದಾಳೆ. ನೆಲ ಒರೆಸುವುದು, ಡಾಕ್ಟರು ಬಾಯೊಳಗೆ ಹಾಕಿ ತೆಗೆದ ಸಾಮಾನುಗಳನ್ನೆಲ್ಲ ತೊಳೆದು ಬಿಸಿಯ ಯಂತ್ರದಲ್ಲಿಟ್ಟು ಶುದ್ಧ ಮಾಡುವುದು, ಕಾಯುವ ಕೋಣೆಯ ಮೀನು ನೋಡಿಕೊಳ್ಳುವುದು, ಎಲ್ಲ ಅವಳೇ. ದೀಪಾವಳಿ ಕಳೆದ ಮೇಲೆ ಡಾಕ್ಟರು ಕೊಪ್ಪದಲ್ಲಿ ಇನ್ನೊಂದು ಕ್ಲಿನಿಕ್ ತೆರೆಯುವವರಿದ್ದರು. "ಅಲ್ಲಿ ಸಾಮಾನಿನ ಜವಾಬ್ದಾರಿ ಪೂರ್ತಿ ನಿಂದೇ ಕುಸುಮಾ. ಕಸಬರಿಕೆ ಹಿಡಿಯೋದು ಇನ್ನು ಸಾಕು" ಎಂದಿದ್ದರು. ಅಂದಿನಿಂದ ಕುಸುಮಾ ಬಿಡುವಾದಾಗೆಲ್ಲ ಔಷಧಿ ಡಬ್ಬಿಗಳ ಮೇಲಿನ ಇಂಗ್ಲಿಷ್ ಹೆಸರುಗಳನ್ನು ಒಂದು ಹಳೇ ಡೈರಿಯಲ್ಲಿ ಬರೆದುಕೊಳ್ಳುತ್ತಿದ್ದಳು.

ಮೀನು ನಾಲ್ಕಿದ್ದವು. ಮೂರು ಕೇಸರಿ ಬಣ್ಣದ ಗೋಲ್ಡ್‌ಫಿಶ್, ಒಂದು ಬಿಳಿಯದು. ಬಿಳಿಯದಕ್ಕೆ ತಲೆಯ ಮೇಲೆ ಕೆಂಪು ಗುಬುಟು. ಸೂಜಿಗೆ ಹೆದರಿ ಅಳುತ್ತ ಬರುವ ಮಕ್ಕಳು ಅದಕ್ಕೆ 'ಟೋಪಿ' ಎಂದು ಹೆಸರಿಟ್ಟಿದ್ದರು. ಮಹಾನವಮಿಯ ಹೊತ್ತಿಗೆ ಆ ಟೋಪಿಯ ಉದ್ದ ಬಾಲ ತೊಟ್ಟಿಯೊಳಗಿನ ಪ್ಲಾಸ್ಟಿಕ್ ಗಿಡಕ್ಕೆ ಸಿಕ್ಕಿ ಹರಿಯಿತು. ಹಳೇ ಸೆರಗಿನ ಹಾಗೆ ಎರಡು ಮೂರು ಸೀಳು, ಒಂದು ತುಂಡು ಉದುರಿಯೇ ಹೋಗಿತ್ತು.

ಕುಸುಮಾ ಆ ಗಿಡ ಕಿತ್ತು ಬಿಸಾಡಿದಳು. ಡಾಕ್ಟರು ಶಿವಮೊಗ್ಗದ ಮೀನಿನ ಅಂಗಡಿಯವನಿಗೆ ಫೋನ್ ಹಚ್ಚಿಕೊಟ್ಟರು. ಅವನು ಹೇಳಿದ್ದು ಇಷ್ಟೇ: ಔಷಧಿ ಗಿಷಧಿ ಏನೂ ಬೇಡ, ದಿನಾ ಸ್ವಲ್ಪ ಸ್ವಲ್ಪ ನೀರು ಬದಲಾಯಿಸಿ, ಚಿಟಿಕೆ ಕಲ್ಲುಪ್ಪು ಹಾಕಿ, ನೀರು ಶುದ್ಧವಿದ್ದರೆ ಬಾಲ ತಾನಾಗಿ ಬೆಳೆಯುತ್ತದೆ. ಅಂದಿನಿಂದ ಅವಳದು ಒಂದೇ ವ್ರತ. ನಲ್ಲಿ ನೀರನ್ನು ಬಕೆಟ್ಟಿನಲ್ಲಿ ಹಿಡಿದು ಒಂದು ದಿನ ಪೂರ್ತಿ ಬಾಯಿ ತೆರೆದು ಇಡುವುದು, ಬ್ಲೀಚಿಂಗ್ ಪೌಡರಿನ ವಾಸನೆ ಹೋಗಿದೆಯಾ ಎಂದು ಮೂಸುವುದು, ಆಮೇಲೆ ಚೊಂಬಿನಲ್ಲಿ ನಿಧಾನ ಸುರಿಯುವುದು.

ಧರ್ಮಪ್ಪನಿಗೆ ಇದು ತಮಾಷೆಯಾಗಿ ಕಂಡಿತು. "ಬರೀ ನೀರಲ್ಲಿ ಗಾಯ ವಾಸಿಯಾಗೋದಾದ್ರೆ ಡಾಕ್ಟ್ರಮ್ಮ ಯಾಕೆ ಓದ್ಬೇಕಿತ್ತು ಮಾರಾಯ್ತಿ?"

"ಅವ್ರು ಹೇಳಿದ್ದಾರಲ್ಲ ಧರ್ಮಣ್ಣ, ನೋಡುವ" ಎಂದು ಅವಳು ನಕ್ಕಳು.

ಹತ್ತು ಹನ್ನೆರಡು ದಿನ ಕಳೆಯಿತು. ಒಂದು ಶುಕ್ರವಾರ ಮಧ್ಯಾಹ್ನ ಧರ್ಮಪ್ಪ ಕುರ್ಚಿಯಿಂದೆದ್ದು ತೊಟ್ಟಿಯ ಹತ್ತಿರ ಬಗ್ಗಿದ. ಟೋಪಿಯ ಹರಿದ ಬಾಲದ ಉದ್ದಕ್ಕೂ ತೆಳ್ಳಗೆ ಒಂದು ಬಿಳಿ ಅಂಚು ಮೂಡಿತ್ತು. ಆ ಬಿಳುಪನ್ನು ಇಪ್ಪತ್ತೆಂಟು ವರ್ಷ ನೋಡಿದ ಕಣ್ಣು ಅವನದು. ಅಡಿಕೆಗೆ ಕೊಳೆ ಹತ್ತುವುದೂ ಹೀಗೇ, ಕಾಯಿಯ ಬುಡದಲ್ಲಿ ಮೊದಲು ನೀರು ಕುಡಿದಂಥ ಕಲೆ, ಆಮೇಲೆ ಬಿಳೀ ಬೂಷ್ಟು, ವಾರದಲ್ಲಿ ಗೊನೆಗೆ ಗೊನೆಯೇ ನೆಲಕ್ಕೆ. ಇವರ ನೀರಿನ ವ್ರತ ನಂಬಿ ಕೂತರೆ ಮೀನು ಕೊಳೆತೇ ಹೋಗುತ್ತದೆ ಎಂದು ಅವನಿಗೆ ಖಾತ್ರಿಯಾಯಿತು.

ಡಾಕ್ಟರು ಕೊಪ್ಪದಲ್ಲಿ ಬಡಗಿಯ ಕೆಲಸ ನೋಡಲು ಹೋಗಿದ್ದರು. ಕುಸುಮಾ ಮಗಳಿಗೆ ಉಣಿಸಲು ಮನೆಗೆ ಹೋಗಿದ್ದಳು. ಅವನ ಚೀಲದ ಸಣ್ಣ ಡಬ್ಬಿಯಲ್ಲಿ ಮೈಲುತುತ್ತದ ಹರಳುಗಳಿದ್ದವು; ದಾರಿಯಲ್ಲಿ ಯಾರಾದರೂ ಕೇಳಿದರೆ ಪಾಠ ಹೇಳಲು ಬೇಕಲ್ಲ. ಎರಡು ಕಾಳುಮೆಣಸಿನಷ್ಟು ಹರಳು ತೆಗೆದ. ತೊಟ್ಟಿಯೂ ನೂರು ಲೀಟರಿನದೇ. ಕಿಲೋಗಟ್ಟಲೆ ಹಾಕಿದ ಕೈಗೆ ಎರಡು ಕಾಳು ಯಾವ ಲೆಕ್ಕ? ಸುಣ್ಣ ಹಾಕಿದರೆ ಮೀನಿನ ಕಣ್ಣು ಉರಿದೀತೆಂದು ಅದನ್ನು ಬಿಟ್ಟ. ಹರಳನ್ನು ಚೊಂಬಿನಲ್ಲಿ ಕರಗಿಸಿ ಸುರಿದು, ಚೊಂಬು ತೊಳೆದಿಟ್ಟು, ಬಂದು ಕೂತ. ಮೀನು ಬದುಕಲಿ ಎಂದೇ ಮಾಡಿದ್ದು, ಅದು ಸುಳ್ಳಲ್ಲ. ಆದರೆ ಸೋಮವಾರದ ಹೊತ್ತಿಗೆ ಬಾಲ ಸರಿಯಾಗಿ, "ನೋಡಿದ್ಯಾ, ನೀರಿಂದ ಅಲ್ಲ, ಈ ಧರ್ಮಣ್ಣನ ಔಷಧಿಯಿಂದ" ಎಂದು ಹೇಳುವ ಮಾತನ್ನೂ ಅವನು ಆಗಲೇ ಜೋಡಿಸಿಕೊಂಡಿದ್ದ. ಆ ಸಂಜೆ ಕುಸುಮಾ ಎಂದಿನ ಹಾಗೆ ನಾಲ್ಕು ಚೊಂಬು ನೀರು ಬದಲಾಯಿಸಿ ಬಾಗಿಲು ಹಾಕಿಕೊಂಡು ಹೋದಳು.

ಶನಿವಾರ ಬೆಳಿಗ್ಗೆ ಮೂರು ಕೇಸರಿ ಮೀನು ಹೊಟ್ಟೆ ಮೇಲೆ ಮಾಡಿ ತೇಲುತ್ತಿದ್ದವು. ಟೋಪಿ ತಳದಲ್ಲಿ ಒಂದು ಪಕ್ಕಕ್ಕೆ ವಾಲಿ ಬಾಯಿ ತೆರೆದು ಮುಚ್ಚುತ್ತಿತ್ತು. ಕುಸುಮಾ ಬೊಗಸೆಯಲ್ಲಿ ಟೋಪಿಯನ್ನು ಎತ್ತಿ, ಹಿಂದಿನ ದಿನದಿಂದ ನಿಂತಿದ್ದ ಬಕೆಟ್ ನೀರಿಗೆ ಬಿಟ್ಟು, ಪಕ್ಕದಲ್ಲೇ ಕುಕ್ಕರಗಾಲಿನಲ್ಲಿ ಕೂತಳು. ಡಾಕ್ಟರು ಬಂದರು, ನೋಡಿದರು.

"ಏನಾಯ್ತು ಕುಸುಮಾ? ನಿನ್ನೆ ನೀರು ಬದಲಾಯಿಸಿದ್ದು ಯಾವಾಗ?"

"ಸಂಜೆ ಅಕ್ಕ. ಒಂದಿನ ಇಟ್ಟ ನೀರೇ. ಮೂಸಿ ನೋಡಿದ್ದೆ."

"ಸರಿಯಾಗಿ ನೆನಪಿದ್ಯಾ? ಅವಸರದಲ್ಲಿ ಆಗಷ್ಟೇ ಹಿಡಿದ ನೀರು ಸುರಿದುಬಿಟ್ಯಾ ಹೇಗೆ?"

ಕುಸುಮಾ ಯೋಚಿಸುತ್ತಿದ್ದಳು. ಅದೇ ಹೊತ್ತು. ಆಗ ಧರ್ಮಪ್ಪ ಒಂದು ಮಾತು ಹೇಳಿದ್ದರೆ ಎಲ್ಲ ಅಲ್ಲಿಗೇ ಮುಗಿಯುತ್ತಿತ್ತು. ಅವನು ಹೇಳಿದ, ಆದರೆ ಹೇಳಿದ್ದು ಬೇರೆ ಮಾತು.

"ನಿನ್ನೆ ನಲ್ಲಿ ನೀರು ಜೋರು ಬ್ಲೀಚಿಂಗ್ ವಾಸನೆ ಹೊಡೀತಿತ್ತು ಡಾಕ್ಟ್ರಮ್ಮ. ನಂಗೆ ಬಾಗಿಲ ತನಕ ಬಂದಿತ್ತು."

ಯಾರೂ ಅವನನ್ನು ಕೇಳಿರಲಿಲ್ಲ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವವರು ಇರುತ್ತಾರೆ. ಇವನು ಕುಂಬಳಕಾಯಿಯನ್ನೇ ಎತ್ತಿ ಪಕ್ಕದವಳ ಹೆಗಲ ಮೇಲಿಟ್ಟ. ಕುಸುಮಾ ಅವನನ್ನು ನೋಡಿದಳು, ಬಕೆಟ್ ನೋಡಿದಳು, ತನ್ನ ಅಂಗೈಯನ್ನು ಮೂಗಿನ ಹತ್ತಿರ ತಂದಳು. "ಹೌದೇನೋ ಅಕ್ಕ. ನಂಗೆ ಗೊತ್ತಾಗ್ಲಿಲ್ಲ. ನಂದೇ ತಪ್ಪಿರ್ಬಹುದು" ಎಂದಳು.

ಡಾಕ್ಟರು ಬೈಯಲಿಲ್ಲ. ಬೈದಿದ್ದರೆ ವಾಸಿಯಿತ್ತು. "ನಾಲ್ಕು ಮೀನಿನ ನೀರಿಗೇ ಹೀಗಾದ್ರೆ, ಕೊಪ್ಪದಲ್ಲಿ ಅಷ್ಟು ಜನರ ಬಾಯಿಗೆ ಹೋಗೋ ಸಾಮಾನು ಹೇಗೆ ನಿನ್ನ ಕೈಗೆ ಕೊಡ್ಲಿ? ನೋಡೋಣ" ಎಂದು ಒಳಗೆ ಹೋದರು. ಹೋಗುವಾಗ ತಿರುಗಿ, "ಧರ್ಮಣ್ಣ, ಉಳಿದ ಆ ಒಂದು ಮೀನನ್ನಾದ್ರೂ ಇನ್ನು ನೀವು ನೋಡ್ಕೊಳ್ಳಿ" ಎಂದರು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದದ್ದು ಸಾಲದೆಂದು ಎತ್ತಿಗೆ ಹುಲ್ಲೂ ಹಾಕಿದ ಹಾಗಾಯಿತು. ಧರ್ಮಪ್ಪ ಇಂಗು ತಿಂದ ಮಂಗನಂತೆ ನಿಂತಿದ್ದ.

ಮೀನು ನೋಡಿಕೊಳ್ಳುವುದು ಅವನಿಗೆ ಬರಬೇಕಲ್ಲ. ಕಲಿಸಿದವಳು ಕುಸುಮಾಳೇ. ತೊಟ್ಟಿ ಖಾಲಿ ಮಾಡಿ ಮೂರು ಸಲ ತೊಳೆದುಕೊಟ್ಟಳು. ಬಕೆಟ್ ಯಾವ ಮೂಲೆಯಲ್ಲಿಡಬೇಕು, ಕಲ್ಲುಪ್ಪು ಎಷ್ಟು, ತಿಂಡಿಯ ಕಾಳು ಎಷ್ಟು, ಒಂದೊಂದನ್ನೂ ಹೇಳಿಕೊಟ್ಟಳು. ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ಆದರೆ ಅವನು ಗಮನಿಸಿದ್ದು ಬೇರೆ. ಮೊದಲು ಹಾಡು ಗುನುಗಿಕೊಂಡು ಸಾಮಾನು ಜೋಡಿಸುತ್ತಿದ್ದವಳು ಈಗ ಇಟ್ಟ ತಟ್ಟೆಯನ್ನು ಮತ್ತೆ ತೆಗೆದು ನೋಡುತ್ತಿದ್ದಳು, ಮುಚ್ಚಿದ ಯಂತ್ರವನ್ನು ಮತ್ತೆ ತೆರೆಯುತ್ತಿದ್ದಳು. ಹಳೇ ಡೈರಿ ಕಾಣುತ್ತಿರಲಿಲ್ಲ. ಇದೆಲ್ಲ ಕಂಡೂ ಧರ್ಮಪ್ಪ ಟೋಕನ್ ಕೊಡುತ್ತ ಕೂತಿದ್ದ. ನಾಚಿಕೆ ಎನ್ನುವುದು ಅವನಿಗೆ ಹೊಸ ಕಾಯಿಲೆ. ಅದಕ್ಕೆ ಅವನ ಹತ್ತಿರ ಮದ್ದಿರಲಿಲ್ಲ.

ಹದಿನೈದು ದಿನಕ್ಕೆ ಟೋಪಿ ಮೇಲೆ ಬಂದು ಕಾಳು ತಿನ್ನತೊಡಗಿತು. ಇನ್ನೊಂದು ವಾರಕ್ಕೆ ಬಾಲದ ಉದ್ದಕ್ಕೂ ಮತ್ತೆ ಅದೇ ಬಿಳಿ ಅಂಚು. "ಕುಸುಮಾ, ಇಲ್ಲಿ ಬಾ. ಕೊಳೆ ಮತ್ತೆ ಹತ್ತಿತು ನೋಡು" ಎಂದು ಧರ್ಮಪ್ಪ ಕೂಗಿದ.

ಅವಳು ಬಗ್ಗಿ ನೋಡಿದಳು. ಬಹಳ ದಿನದ ಮೇಲೆ ಮುಖ ಅರಳಿತು. "ಕೊಳೆ ಎಂತಕ್ಕೆ ಧರ್ಮಣ್ಣ? ಅದು ಹೊಸ ಬಾಲ. ಮೊದಲು ಹೀಗೇ ಬಿಳಿಯಾಗಿ, ಗಾಜಿನ ಹಾಗೆ ಬರ್ತದಂತೆ, ಆಮೇಲೆ ಬಣ್ಣ ಕೂರ್ತದಂತೆ. ಶಿವಮೊಗ್ಗದವ್ರು ಹೇಳಿದ್ರು. ಅವತ್ತು ಆ ಮೂರು ಸಾಯೋ ಮುಂಚಿನ ದಿನವೂ ಇದಕ್ಕೆ ಬಂದಿತ್ತು ಪಾಪ. ಮರುದಿನ ನಿಮ್ಗೆ ತೋರಿಸ್ಬೇಕು ಅಂತಿದ್ದೆ."

ಧರ್ಮಪ್ಪ ಕುರ್ಚಿಗೆ ಬಂದು ಕೂತ. ಗಾಯ ವಾಸಿಯಾಗುತ್ತಿದ್ದ ಗುರುತನ್ನೇ ಅವನು ರೋಗ ಎಂದುಕೊಂಡಿದ್ದ. ಹೊಸ ಚಿಗುರಿನ ಮೇಲೆ ವಿಷ ಸುರಿದಿದ್ದ, ಅದೂ ಸುಣ್ಣ ಬೀಳದ ತುತ್ತ. ಬೇರೆ ಯಾವ ಆಳು ಹೀಗೆ ಮಾಡಿದ್ದರೂ ಅವನು ತೋಟದಿಂದ ಅಟ್ಟಿಬಿಡುತ್ತಿದ್ದ. ತಿಳಿಯದೆ ಮಾಡಿದೆ ಎಂದುಕೊಳ್ಳೋಣವೆಂದರೆ ತಿಳಿದದ್ದನ್ನೇ ಮರೆತು ಮಾಡಿದ್ದ. ಸರಿ, ಮೀನಿನದು ಹಾಗಾಯಿತು. ಆ ವಾಸನೆಯ ಮಾತು? ಅದನ್ನಂತೂ ಪೂರ್ತಿ ತಿಳಿದೇ ಆಡಿದ್ದ.

ಅದೇ ಮಧ್ಯಾಹ್ನ ಡಾಕ್ಟರ ಕೋಣೆಯ ಬಾಗಿಲು ತಟ್ಟಿದ. "ಏನು ಧರ್ಮಣ್ಣ?" ಎಂದು ಅವರು ತಲೆಯೆತ್ತಿದರು. ಮೇಜಿನ ಮೇಲೆ ಒಂದು ಅರ್ಜಿಯಿತ್ತು. ಬಾಳೆಹೊನ್ನೂರಿನ ಶ್ರೀವಿದ್ಯಾ ಎನ್ನುವ ಹುಡುಗಿಯದು, ಕೊಪ್ಪದ ಕೆಲಸಕ್ಕೆ. ಧರ್ಮಪ್ಪ ಅದನ್ನು ನೋಡಿದ, ಡಾಕ್ಟರನ್ನು ನೋಡಿದ. ಬಾಯಿ ಬಿಟ್ಟರೆ ಬಣ್ಣಗೇಡು. "ನಾಳೆ ಒಂದಿನ ರಜೆ ಬೇಕಿತ್ತು" ಎಂದು ಕೇಳಿ ಹೊರಗೆ ಬಂದ.

ರಜೆ ಸಿಕ್ಕಿದ ಮೇಲೆ ಎಲ್ಲಿಗಾದರೂ ಹೋಗಬೇಕು. ಹೆಂಡತಿ ಕಮಲಕ್ಕನನ್ನು ಕರೆದುಕೊಂಡು ಬೆಳಗಿನ ಬಸ್ಸಿಗೆ ಶೃಂಗೇರಿಗೆ ಹೋದ. ಅಮ್ಮನವರ ದರ್ಶನ ಮುಗಿಸಿ ತುಂಗೆಯ ಮೆಟ್ಟಿಲಿಗೆ ಇಳಿದರು. ಎಲ್ಲರೂ ಮೀನಿಗೆ ಒಂದು ಪೊಟ್ಟಣ ಮಂಡಕ್ಕಿ ಹಾಕಿದರೆ ಇವನು ಐದು ಪೊಟ್ಟಣ ತಂದ. ಮೂರನೆಯದು ಮುಗಿಯುವ ಹೊತ್ತಿಗೆ ಕಮಲಕ್ಕ ಕೈ ಹಿಡಿದಳು.

"ಎಂತ ಮಾಡಿದ್ರಿ, ಹೇಳಿ. ಹರಕೆ ಇಲ್ಲದೆ ಐದು ಪೊಟ್ಟಣ ಸುರಿಯೋ ಜನ ಅಲ್ಲ ನೀವು."

ಅವನು ಅಲ್ಲೇ ಮೆಟ್ಟಿಲ ಮೇಲೆ ಕೂತು ಎಲ್ಲ ಹೇಳಿದ. ಕಮಲಕ್ಕ ಪೂರ್ತಿ ಕೇಳಿದಳು. ಮೂವತ್ತು ವರ್ಷ ಅವನ ಔಷಧಿಯ ಪ್ರತಾಪ ಕೇಳಿ ಕಿವಿ ತೂತಾದವಳು, ಆದರೂ ನಗಲಿಲ್ಲ.

"ಮೀನಿಗೆ ಮಾಡಿದ್ದಕ್ಕೆ ಮೀನಿಗೆ ಮಂಡಕ್ಕಿ ಹಾಕಿದ್ರಿ. ಆಯ್ತು. ಆ ಕುಸುಮಾ ಕೂಸಿಗೆ ಮಾಡಿದ್ದಕ್ಕೆ ಎಂತ ಹಾಕ್ತೀರಿ?"

"ಹೇಳಿದ್ರೆ ಮರ್ಯಾದೆ ಹೋಗ್ತದೆ ಕಮಲ."

"ಹೋಗ್ತದೆ. ಈಗ ಅವಳದ್ದು ಹೋಗಿದ್ಯಲ್ಲ, ನಿಮ್ದು ಉಳಿಸ್ಲಿಕ್ಕೆ" ಎಂದು ಅವಳು ಉಳಿದೆರಡು ಪೊಟ್ಟಣವನ್ನು ಪಕ್ಕದಲ್ಲಿದ್ದ ಯಾರದೋ ಮಕ್ಕಳ ಕೈಗಿಟ್ಟು ಮೆಟ್ಟಿಲು ಹತ್ತಿದಳು.

ಮರುದಿನ ಕ್ಲಿನಿಕ್ಕಿಗೆ ವೃಷಭೇಂದ್ರಪ್ಪನವರು ಕಟ್ಟಿಸಿದ ಹಲ್ಲು ಸರಿಮಾಡಿಸಿಕೊಳ್ಳಲು ಬಂದಿದ್ದರು. ಕಾಯುವ ಕೋಣೆಯಲ್ಲಿ ಬೇರೆ ಮೂರು ಜನ ಇದ್ದರು. ಕುಸುಮಾ ನೆಲ ಒರೆಸುತ್ತಿದ್ದಳು. ಹಿರಿಯರು ಕೋಲೂರಿಕೊಂಡು ತೊಟ್ಟಿಯ ಮುಂದೆ ನಿಂತರು. ಟೋಪಿಯ ಬಾಲ ತುಂಬತೊಡಗಿತ್ತು. ಹೊಸದಾಗಿ ಬಂದ ಅಂಚು ಸ್ವಲ್ಪ ಸೊಟ್ಟ.

"ಇದೇ ಅಲ್ವಾ ಸಾಯ್ಲಿಕ್ಕೆ ಬಿದ್ದಿದ್ದ ಮೀನು? ಮಗಳು ಹೇಳಿದ್ಲು" ಎಂದು ಕೂತವರ ಕಡೆ ತಿರುಗಿದರು. "ನಮ್ಮ ಧರ್ಮನ ಕೈಗೆ ಬಂದದ್ದು ಕೊಳೆಯೋದಿಲ್ಲ ಕಣ್ರಯ್ಯಾ. ನಮ್ಮ ತೋಟಾನೇ ಕೇಳಿ, ಅದೇ ಹೇಳ್ತದೆ. ಕೈಗುಣ ಅಂದ್ರೆ ಅದು."

ಒಳಗಿನಿಂದ ಬಂದ ಡಾಕ್ಟರು ಹೌದೆಂದು ನಕ್ಕರು. ಕುಸುಮಾಳೂ ಒರೆಸುವ ಬಟ್ಟೆ ಹಿಡಿದುಕೊಂಡೇ, "ಹೌದು ಯಜಮಾನ್ರೇ, ಧರ್ಮಣ್ಣ ಚೆನ್ನಾಗಿ ನೋಡ್ಕೊಂಡ್ರು. ನಂಗೆ ಸಾಧ್ಯ ಆಗ್ಲಿಲ್ಲ" ಎಂದಳು. ಕಪಟವಿಲ್ಲದೆ ಹೇಳಿದ ಮಾತು. ಅದನ್ನು ಕೇಳಿ ಕೂರುವುದು ಧರ್ಮಪ್ಪನ ಕೈಲಾಗಲಿಲ್ಲ. ಎದ್ದು ನಿಂತ.

"ಮೀನು ಕೊಂದವ ನಾನು ಯಜಮಾನ್ರೇ" ಎಂದ. "ಬಾಲಕ್ಕೆ ಹೊಸ ಅಂಚು ಬಂದಿತ್ತು. ಕೊಳೆ ಅಂತ ತಿಳ್ಕೊಂಡೆ. ಯಾರಿಗೂ ಹೇಳದೆ ಮೈಲುತುತ್ತ ಹಾಕಿದೆ. ಕುಸುಮಾ ಏನೂ ಮಾಡ್ಲಿಲ್ಲ. ಅವಳ ನೀರು ಸರಿ ಇತ್ತು. ಈ ಒಂದು ಉಳಿದದ್ದೂ ಅವಳ ಬಕೆಟ್ಟಿನ ನೀರಿಂದ."

ವೃಷಭೇಂದ್ರಪ್ಪನವರು ಕೋಲಿನ ಹಿಡಿ ನೋಡುತ್ತ ನಿಂತರು. ಡಾಕ್ಟರ ಮುಖ ಕೆಂಪಾಯಿತು. ವಿಚಾರಿಸದೆ ಕುಸುಮಾಳನ್ನು ದೂರಿದ ತಪ್ಪು ಅವರದೂ ಇತ್ತಲ್ಲ. "ಇಷ್ಟು ದಿನ ಸುಮ್ನಿದ್ರಾ ಧರ್ಮಣ್ಣ?" ಎಂದರು. ಅವನು ಬೈಗುಳ ಬರಲಿ, ಕೆಲಸ ಹೋಗಲಿ, ಎಲ್ಲಕ್ಕೂ ತಯಾರಾಗಿದ್ದ.

ಕುಸುಮಾ ಬಟ್ಟೆಯನ್ನು ಬಕೆಟ್ಟಿಗೆ ಹಾಕಿ ಕೈ ಒರೆಸಿಕೊಂಡಳು. ಹತ್ತಿರ ಬಂದು ನಿಂತಳು.

"ಅವತ್ತು ನಲ್ಲಿ ನೀರಿನ ವಾಸನೆ ಬಾಗಿಲ ತನಕ ಬಂದಿತ್ತು ಅಂದ್ರಲ್ಲ. ನಿಜವಾಗ್ಲೂ ಬಂದಿತ್ತಾ?"

ಅವನು ಇದೊಂದು ಪ್ರಶ್ನೆಗೆ ತಯಾರಾಗಿರಲಿಲ್ಲ. ಮೀನಿನದು ಹೇಳಿಬಿಟ್ಟರೆ ಈ ಮಾತು ಅದರಡಿಯಲ್ಲೇ ಮುಚ್ಚಿಹೋದೀತು ಎಂದುಕೊಂಡಿದ್ದ.

"ಇಲ್ಲ" ಎಂದ.

"ನಾನು ಅವತ್ತು ಎರಡು ಸಲ ಮೂಸಿದ್ದೆ. ವಾಸನೆ ಇರ್ಲಿಲ್ಲ" ಎಂದಳು ಕುಸುಮಾ. ದನಿ ಏರಲಿಲ್ಲ. "ನೀವು ಬಂದಿತ್ತು ಅಂದ್ರಿ. ನೀವು ಸುಳ್ಳು ಹೇಳ್ತೀರಿ ಅಂತ ನನ್ನ ತಲೆಗೇ ಬರ್ಲಿಲ್ಲ. ನನ್ನ ಮೂಗೇ ಹೋಗಿದೆ ಅಂದ್ಕೊಂಡೆ. ಅವತ್ತಿಂದ ಮಗಳಿಗೆ ಒಂದು ಲೋಟ ನೀರು ಕೊಡ್ಬೇಕಾದ್ರೂ ಅತ್ತೆಯನ್ನ ಕರ್ದು ಮೂಸಿಸ್ತೇನೆ. ಇವತ್ತು ಬೆಳಿಗ್ಗೆಯೂ ಮೂಸಿಸಿದ್ದೇನೆ."

ಧರ್ಮಪ್ಪ ಕೈಮುಗಿಯಲು ಹೋದ. ಎಡಭುಜ ಏಳಲಿಲ್ಲ, ಒಂದೇ ಕೈ ಎದೆಯ ತನಕ ಬಂದು ನಿಂತಿತು. "ಹೊಟ್ಟೆಗೆ ಹಾಕ್ಕೋ ಮಾರಾಯ್ತಿ" ಎಂದ. ಅವಳು ಬಕೆಟ್ ಎತ್ತಿಕೊಂಡು ಹಿತ್ತಿಲಿಗೆ ಹೋದಳು.

ಶ್ರೀವಿದ್ಯಾಳ ಅರ್ಜಿ ವಾಪಸು ಹೋಯಿತು. ಕೊಪ್ಪದ ಕ್ಲಿನಿಕ್ ತೆರೆದ ದಿನದಿಂದ ಸಾಮಾನಿನ ಕೋಣೆಯ ಬೀಗದ ಕೈ ಕುಸುಮಾಳ ಸೊಂಟದಲ್ಲಿದೆ. ಡಾಕ್ಟರು ಎಲ್ಲರೆದುರು ಅವಳ ಹತ್ತಿರ ತಪ್ಪಾಯಿತು ಎಂದರು. ಧರ್ಮಪ್ಪನನ್ನು ಕೆಲಸದಿಂದ ಬಿಡಿಸಲಿಲ್ಲ, ಅವನು ಈಗಲೂ ಅದೇ ಕುರ್ಚಿಯಲ್ಲಿದ್ದಾನೆ. ಲವಂಗದ ಮಾತೆತ್ತುವುದಿಲ್ಲ. ಯಾರಾದರೂ ಔಷಧಿ ಕೇಳಿದರೆ, "ಒಳಗೆ ಡಾಕ್ಟ್ರಿದ್ದಾರೆ" ಎನ್ನುತ್ತಾನೆ.

ಶನಿವಾರ ಮಾತ್ರ ಕುಸುಮಾ ಜಯಪುರದ ಕ್ಲಿನಿಕ್ಕಿಗೆ ಬರುತ್ತಾಳೆ, ತೊಟ್ಟಿ ಅವಳ ಸುಪರ್ದಿಗೇ ಮರಳಿದೆ. ಕಳೆದ ಶನಿವಾರ ನೀರು ಬದಲಾಯಿಸುವಾಗ ಧರ್ಮಪ್ಪ ಬಕೆಟ್ ಹಿಡಿಯೋಣವೆಂದು ಹತ್ತಿರ ಹೋದ. ಅವಳು ತಲೆಯೆತ್ತಿ ನೋಡಿದಳು. ಮುಖದಲ್ಲಿ ಸಿಟ್ಟಿರಲಿಲ್ಲ. "ಬೇಡ ಧರ್ಮಪ್ಪನವ್ರೇ, ನೀವು ಕೂತ್ಕೊಳ್ಳಿ. ನಾನೇ ಹಾಕ್ತೇನೆ" ಎಂದಳು. ಇಷ್ಟು ದಿನ ಅವಳ ಬಾಯಲ್ಲಿ ಅವನು ಧರ್ಮಣ್ಣ; ಅಷ್ಟು ಮರ್ಯಾದೆಯಿಂದ ಅವಳು ಅವನನ್ನು ಹಿಂದೆಂದೂ ಕರೆದಿರಲಿಲ್ಲ. ಧರ್ಮಪ್ಪ ಹೋಗಿ ಕುರ್ಚಿಯಲ್ಲಿ ಕೂತ.